ನೆಟ್ಟಾಲ್ ತಾತನನ್ನು ಹಡಗಿನ ಪಟ್ಟಿಯಲ್ಲಿ ಹುಡುಕುತ್ತಿದ್ದೇನೆ: ಹೊಸೂರು, ಡೆಂಕಣಿಕೋಟೆ ಕಡೆಯವರು ನೋಡಿ

ತಳಿ ರಸ್ತೆಯವ

ಎಲ್ಲರಿಗೂ ನಮಸ್ಕಾರ. ಉದ್ದವಾಗುತ್ತದೆ, ಆದರೂ ಪೂರ್ತಿ ಓದಿ. ಇದರಲ್ಲಿ ಯಾವ ಮಾತು ಉಪಯೋಗಕ್ಕೆ ಬರುತ್ತದೋ ನನಗೇ ಗೊತ್ತಾಗುತ್ತಿಲ್ಲ.

ನಮ್ಮದು ಡೆಂಕಣಿಕೋಟೆ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ತೆಲುಗು. ನನ್ನ ಮುತ್ತಾತನನ್ನು ಊರಿನಲ್ಲಿ ಈಗಲೂ ನೆಟ್ಟಾಲ್ ತಾತ ಅಂತಲೇ ಕರೆಯುತ್ತಾರೆ. ಚಿಕ್ಕವನಿದ್ದಾಗ ಅದು ಅವರ ಹೆಸರು ಅಂದುಕೊಂಡಿದ್ದೆ. ನೆಟಾಲ್ ಅನ್ನುವ ಸೀಮೆ ದಕ್ಷಿಣ ಆಫ್ರಿಕಾದಲ್ಲಿದೆ ಅಂತ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ.

ಮನೆಯಲ್ಲಿ ಉಳಿದಿರುವ ಕಥೆ ಇಷ್ಟೇ. ಮೀಸೆ ಮೂಡುವ ವಯಸ್ಸಿನಲ್ಲಿ ಯಾರಿಗೂ ಹೇಳದೆ ಹೊರಟುಹೋದರು. ಕಬ್ಬಿನ ತೋಟದಲ್ಲಿ ಐದು ವರ್ಷ ದುಡಿದರು. ಆಮೇಲೆ 'ಚಿನ್ನದ ಊರಿಗೆ' ಹೋಗಿ ಬುಟ್ಟಿ ಹೊತ್ತು ತರಕಾರಿ ಮಾರಿದರು. ಕೊನೆಗೆ ಅಲ್ಲಿನ ಸರ್ಕಾರದವರು ಹಿಡಿದು ಹಡಗು ಹತ್ತಿಸಿ ಓಡಿಸಿದರು. ಯಾಕೆ ಅಂದರೆ 'ಬೆರಳು ಒತ್ತಲ್ಲ' ಅಂದರಂತೆ. ಇದನ್ನೆಲ್ಲ ಹೇಳಿದ್ದು ನನ್ನ ದೊಡ್ಡತ್ತೆ. ಅವರಿಗೆ ಈಗ 80 ದಾಟಿದೆ. ಅವರು ತಮ್ಮ ಅಜ್ಜಿಯ ಬಾಯಿಂದ, ಅಂದರೆ ನೆಟ್ಟಾಲ್ ತಾತನ ಹೆಂಡತಿಯ ಬಾಯಿಂದ ಕೇಳಿದ್ದು.

ಇನ್ನೊಂದು ವಿಷಯ ಹೇಳಲೇಬೇಕು. ಊರಿಗೆ ಬಂದ ಮೇಲೂ ಅವರು ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಲಿಲ್ಲ. ತಮ್ಮನ ಜೊತೆ ಪಾಲಾದಾಗ ಪಾರಿಕತ್ತು, ಅಂದರೆ ಪಾಲಿನ ಪತ್ರ, ರಿಜಿಸ್ಟರ್ ಮಾಡಿಸಲು ಹೋಗಿ, ಅಲ್ಲಿ ಹೆಬ್ಬೆಟ್ಟು ಕೇಳಿದ ಕೂಡಲೇ ಎದ್ದು ಬಂದುಬಿಟ್ಟರಂತೆ. ಜಮೀನಿನ ಪಟ್ಟಾ ತಮ್ಮನ ಹೆಸರಿನಲ್ಲೇ ಉಳಿಯಿತು. ನಮ್ಮ ತಾತ, ಆಮೇಲೆ ನಮ್ಮ ಅಪ್ಪ, ಇಬ್ಬರೂ ಇದನ್ನು ಹೇಳಿಕೊಂಡು ಬೈದದ್ದೇ ಬೈದದ್ದು. ಒಂದು ಹೆಬ್ಬೆಟ್ಟಿನ ಹಟಕ್ಕೆ ಮೂರು ಎಕರೆ ಕಳೆದ ಮನುಷ್ಯ ಅಂತ. ಆ ಮಾತು ಕೇಳಿಕೊಂಡೇ ನಾನು ಬೆಳೆದೆ.

ಉಳಿದಿರುವ ವಸ್ತು ಒಂದೇ. ಒಂದು ತಗಡಿನ ಪೆಟ್ಟಿಗೆ. ಮುಚ್ಚಳದ ಒಳಮೈಗೆ ಬಿಳಿ ಬಣ್ಣದಲ್ಲಿ, ಕುಂಚದಿಂದ ಬರೆದ ಐದಂಕಿಯ ಸಂಖ್ಯೆ ಇದೆ. ಹುರಳಿ ತುಂಬಿಟ್ಟು ತುಂಬಿಟ್ಟು ಬಣ್ಣ ಸವೆದಿದೆ. ಕೊನೆಯ ಅಂಕಿ 1 ಇರಬಹುದು, 7 ಇರಬಹುದು.

ಹಳೆಯ ಹಡಗುಗಳ ಪ್ರಯಾಣಿಕರ ಪಟ್ಟಿಯಲ್ಲಿ ಇಂಥವರು ಸಿಗುತ್ತಾರಾ? ಗಡಿಪಾರು ಅನ್ನುವುದು ನಿಜವಾ, ಅಥವಾ ಮನೆಯವರು ಕಟ್ಟಿದ ಮಾತಾ? ಅವರ ಹೆಸರು ಇಲ್ಲಿ ಹಾಕುವುದಿಲ್ಲ, ಮನೆಯವರು ಬೇಡ ಅಂದಿದ್ದಾರೆ.

ಕಾಗದದ ಹುಳು

ತಮ್ಮಾ, ಆ ಪೆಟ್ಟಿಗೆಯನ್ನು ಮೊದಲು ಒಳಗಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಆ ಸಂಖ್ಯೆಯೇ ನಿಮಗೆ ಎಲ್ಲಕ್ಕಿಂತ ದೊಡ್ಡ ದಾಖಲೆ.

ನೆಟಾಲ್‌ಗೆ ಕಬ್ಬಿನ ತೋಟದ ಕೆಲಸಕ್ಕೆ ಹೋದ ಮೊದಲ ಹಡಗು ಟ್ರೂರೋ. ಮದ್ರಾಸಿನಿಂದ ಹೊರಟು 1860ರ ನವೆಂಬರ್ 16ಕ್ಕೆ ಡರ್ಬನ್ ಮುಟ್ಟಿತು. ಅಲ್ಲಿಂದ 1911ರಲ್ಲಿ ನಿಲ್ಲುವ ತನಕ ಹೋದವರು 1,52,184 ಜನ. ಇಷ್ಟು ಸರಿಯಾಗಿ ಹೇಗೆ ಗೊತ್ತು ಅಂದರೆ, ಇಳಿದ ಒಬ್ಬೊಬ್ಬರಿಗೂ ಒಂದರಿಂದ ಶುರು ಮಾಡಿ ಸಾಲಾಗಿ ನಂಬರ್ ಕೊಟ್ಟಿದ್ದರು. ತೋಟದ ಲೆಕ್ಕ, ಕೋರ್ಟಿನ ಕಾಗದ, ಮದುವೆ, ಸಾವು, ಎಲ್ಲದರಲ್ಲೂ ಹೆಸರಿಗಿಂತ ಮುಂದೆ ಆ ನಂಬರೇ ಬರುತ್ತಿತ್ತು. ನಿಮ್ಮ ಪೆಟ್ಟಿಗೆಯ ಮೇಲಿರುವುದು ಅದೇ ಇರಬೇಕು.

ಆ ಪಟ್ಟಿಗಳನ್ನು ದಕ್ಷಿಣ ಆಫ್ರಿಕಾದಲ್ಲಿ ಪೂರ್ತಿ ಟೈಪ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಹಡಗು, ಇಳಿದ ತಾರೀಖು, ನಂಬರ್, ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲೂಕು, ಹಳ್ಳಿ, ಮೈಮೇಲಿನ ಗುರುತು, ಇಷ್ಟು ಇರುತ್ತದೆ. ಹೆಸರಿನಿಂದ ಹುಡುಕಬೇಡಿ, ತಲೆ ಕೆಡುತ್ತದೆ. ನಂಬರಿನಿಂದ ಹುಡುಕಿ. ಕೊನೆಯ ಅಂಕಿ ಎರಡು ಥರ ಇದ್ದರೆ ಎರಡನ್ನೂ ನೋಡಿ.

ಮತ್ತೆ ಕೃಷ್ಣಗಿರಿ ಜಿಲ್ಲೆ ಅಂತ ಹುಡುಕಿ ಸಿಗಲಿಲ್ಲ ಅಂತ ಬರಬೇಡಿ. ಆಗ ನಮ್ಮದೆಲ್ಲ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಆಯಿತು, 2004ರಲ್ಲಿ ಕೃಷ್ಣಗಿರಿ.

ಬಾಗಲೂರು ಅಕ್ಕ

ನಾನೂ ನಮ್ಮ ಅಮ್ಮನ ಕಡೆಯವರನ್ನು ಇದೇ ಪಟ್ಟಿಯಲ್ಲಿ ಎರಡು ವರ್ಷ ಹುಡುಕಿದ್ದೇನೆ, ಅದಕ್ಕೆ ಒಂದು ಮಾತು. ಹೊಸೂರು ಅಂತ ಈಗಿನ ಸ್ಪೆಲ್ಲಿಂಗ್ ಹಾಕಿದರೆ ಅರ್ಧ ಜನ ಕೈಬಿಟ್ಟು ಹೋಗುತ್ತಾರೆ. ಬ್ರಿಟಿಷರು ನಮ್ಮ ಹೊಸೂರನ್ನು ಹೆಚ್ ಇಲ್ಲದೆ ಬರೆಯುತ್ತಿದ್ದರು. ಎರಡು ಓ, ಎರಡು ಎಸ್, ಮತ್ತೆ ಎರಡು ಓ, ಆರ್. ಓದಿದರೆ ಊಸೂರು ಆಗುತ್ತದೆ. ಕೃಷ್ಣಗಿರಿ 'ಕಿಸ್ಟ್ನಗೆರಿ'. ಹಳ್ಳಿಗಳ ಹೆಸರಿನ ಕೊನೆಯ ಹಳ್ಳಿ ಅನ್ನುವುದು ಪಲ್ಲಿ ಆಗಿರುತ್ತದೆ, ಹುಲ್ಲಿ ಆಗಿರುತ್ತದೆ, ಒಮ್ಮೊಮ್ಮೆ ಬರೀ ಪಾಲಿ.

ಜನರ ಹೆಸರೂ ಹಾಗೇ. ಮುನಿಯಪ್ಪ ಅಂತ ಹೇಳಿದರೆ ಬರೆದುಕೊಳ್ಳುವವನಿಗೆ ತಮಿಳು ರೂಢಿ, ಮುನಿಯನ್ ಅಂತ ಬರೆಯುತ್ತಾನೆ. ಅಪ್ಪ ಅನ್ನುವುದು ಉಳಿದರೆ 'ಆಪಾ' ಆಗಿರುತ್ತದೆ. ಇಂಗ್ಲಿಷ್ ಪಟ್ಟಿಯನ್ನು ಕಣ್ಣಿನಲ್ಲಿ ಓದಬೇಡಿ, ಬಾಯಿ ಬಿಟ್ಟು ಗಟ್ಟಿಯಾಗಿ ಓದಿ. ನಾನು ನಮ್ಮಮ್ಮನ ಮುಂದೆ ಕೂತು ಒಂದೊಂದೇ ಹೆಸರು ಓದುತ್ತಿದ್ದೆ, ಅವರು ಸೊಪ್ಪು ಬಿಡಿಸುತ್ತಾ 'ಅದು ನಮ್ಮ ಕಡೆ ಹೆಸರಲ್ಲ', 'ಅದು ನಮ್ಮದೇ' ಅನ್ನುತ್ತಿದ್ದರು. ಕಂಪ್ಯೂಟರಿಗೆ ಆ ಕಿವಿ ಇಲ್ಲ.

ಜಾತಿಯ ಕಾಲಂ ನಂಬಬೇಡಿ. ಹೋಗುವಾಗ ಸುಳ್ಳು ಹೇಳಿದವರು ಜಾಸ್ತಿ, ಮನೆ ಬಿಟ್ಟು ಓಡಿಬಂದವರು ನಿಜ ಯಾಕೆ ಹೇಳುತ್ತಾರೆ. ಅಪ್ಪನ ಹೆಸರನ್ನು ಮಾತ್ರ ಸುಳ್ಳು ಹೇಳಿದವರು ಕಡಿಮೆ ಅಂತ ನನ್ನ ಅನುಭವ.

ತಳಿ ರಸ್ತೆಯವ

ಅಕ್ಕ, ಸರ್, ಇಬ್ಬರಿಗೂ ಕೈ ಮುಗಿಯುತ್ತೇನೆ.

ರಾತ್ರಿ ಎರಡು ಗಂಟೆ ತನಕ ಕೂತಿದ್ದೆ. ಕೊನೆಯ ಅಂಕಿ 7 ಅಂತ ಹಾಕಿದರೆ ವಿಶಾಖಪಟ್ಟಣ ಕಡೆಯ ಒಬ್ಬ ಹೆಂಗಸು. 1 ಅಂತ ಹಾಕಿದೆ. ಸೇಲಂ ಜಿಲ್ಲೆ. ತಾಲೂಕು ಊಸೂರು, ಅಕ್ಕ ಹೇಳಿದ ಹಾಗೇ ಎರಡು ಓ, ಎರಡು ಎಸ್. ಗಂಡಸು, ವಯಸ್ಸು 20. ಹೆಸರಿನ ಅರ್ಧ ನಮ್ಮದೇ, ಕೊನೆ ತಮಿಳಿನ ಥರ. ಹಳ್ಳಿಯ ಹೆಸರು ಓದಿದರೆ ಅರ್ಥವಾಗಲಿಲ್ಲ, ಗಟ್ಟಿಯಾಗಿ ಓದಿದೆ, ನಮ್ಮೂರೇ.

ಅಪ್ಪನ ಹೆಸರು ನೋಡಿ ಕೈ ನಡುಗಿತು. ನಮ್ಮಲ್ಲಿ ಪಿತೃ ಪಕ್ಷದಲ್ಲಿ ಎಡೆ ಇಡುವಾಗ ಹಿರಿಯರ ಹೆಸರು ಒಂದೊಂದಾಗಿ ಹೇಳುತ್ತಾರೆ. ಅದರಲ್ಲಿ ಕೊನೆಗೆ ಬರುವ ಹೆಸರು, ಅದಕ್ಕಿಂತ ಹಿಂದೆ ಯಾರಿಗೂ ಗೊತ್ತಿಲ್ಲದ ಹೆಸರು, ಅದೇ ಅಲ್ಲಿತ್ತು. ವರ್ಷಕ್ಕೊಮ್ಮೆ ನಾವು ಬಾಯಲ್ಲಿ ಹೇಳುವ ಹೆಸರನ್ನು ಒಬ್ಬ ಹುಡುಗ ಮದ್ರಾಸಿನಲ್ಲಿ ನಿಂತು ಯಾವನೋ ಗುಮಾಸ್ತನಿಗೆ ಹೇಳಿದ್ದಾನೆ, ಅವನು ಬರೆದುಕೊಂಡಿದ್ದಾನೆ.

ಮೈಮೇಲಿನ ಗುರುತು: ಎಡಗಾಲಿನ ಮೊಣಕಾಲ ಕೆಳಗೆ ಗಾಯದ ಕಲೆ. ಅತ್ತೆಗೆ ಓದಿ ಹೇಳಿದೆ. ಅವರು ಹುಟ್ಟುವ ಮೊದಲೇ ತಾತ ಹೋಗಿದ್ದರು. ಆ ಕಾಲು ನೋಡಿದವರು ಈಗ ಯಾರೂ ಇಲ್ಲ.

ಇಳಿದ ವರ್ಷ 1889. ಹಡಗಿನ ಹೆಸರು 'ಉಮ್' ಅಂತ ಶುರುವಾಗುತ್ತದೆ, ಅದೇನು ವಿಚಿತ್ರ ಹೆಸರು ಸರ್?

ಕಾಗದದ ಹುಳು

ಬಹಳ ಸಂತೋಷವಾಯಿತು. ಬೆಳಿಗ್ಗೆ ಇದನ್ನು ಓದಿ ನಮ್ಮ ಮನೆಯವರಿಗೂ ಓದಿ ಹೇಳಿದೆ.

ಉಮ್ ಅಂತ ಶುರುವಾಗುವುದು ನೆಟಾಲಿನ ನದಿ, ಊರುಗಳ ಹೆಸರು. ಉಮ್‌ಝಿಂಟೊ, ಉಮ್ಲಾಝಿ, ಉಮ್ವೋಟಿ, ಹೀಗೆ. ಆ ಹಡಗಿನ ಕಂಪನಿಯವರು ತಮ್ಮ ಬಹಳಷ್ಟು ಹಡಗುಗಳಿಗೆ ಅದೇ ಥರ ಹೆಸರಿಟ್ಟಿದ್ದರು. ಒಂದಕ್ಕೊಂದು ಕಲಸಿ ಹೋಗುತ್ತವೆ, ಹುಷಾರು. ಇಳಿದ ತಾರೀಖನ್ನೂ ಹಡಗಿನ ಹೆಸರನ್ನೂ ಜೊತೆಯಲ್ಲೇ ಬರೆದಿಟ್ಟುಕೊಳ್ಳಿ, ಒಂದೇ ಹಡಗು ಹತ್ತಾರು ಸಲ ಓಡಾಡಿದೆ.

1889 ಅಂದರೆ 20 ವರ್ಷದ ಹುಡುಗ ಹುಟ್ಟಿದ್ದು 1869ರ ಸುಮಾರಿಗೆ. ಧಾತು, ಈಶ್ವರ ಸಂವತ್ಸರದ ದೊಡ್ಡ ಬರ, 1876ರಿಂದ 78ರ ತನಕದ್ದು, ಬಂದಾಗ ಏಳೆಂಟು ವರ್ಷದ ಮಗು. ಸೇಲಂ ಜಿಲ್ಲೆ ಆ ಬರದಲ್ಲಿ ಬಹಳ ನರಳಿತು. ಅದನ್ನು ನೋಡಿ ಬೆಳೆದ ಹುಡುಗನಿಗೆ ತಿಂಗಳ ಸಂಬಳ, ದಿನದ ಅಕ್ಕಿ ಅಂತ ಯಾರೋ ಹೇಳಿದರೆ ಕಾಲು ಹೊರಡುವುದು ಸಹಜ ಅಲ್ವಾ. ಜೋಲಾರ್‌ಪೇಟೆ ಮೇಲೆ ಬೆಂಗಳೂರು ಮದ್ರಾಸ್ ರೈಲು 1864ರಿಂದಲೇ ಇತ್ತು.

ಐದು ವರ್ಷದ ಗಿರ್ಮಿಟ್, ಅಂದರೆ ಕೂಲಿ ಕರಾರು, ಮುಗಿದರೆ 1894. ಆಮೇಲೆ ಟ್ರಾನ್ಸ್‌ವಾಲ್, ನೆಟಾಲಿನ ಪಕ್ಕದ ಸೀಮೆ. ಚಿನ್ನದ ಊರು ಅಂದರೆ ಜೊಹಾನ್ಸ್‌ಬರ್ಗ್. ನಿಮ್ಮ ಮನೆಯ ಕಥೆಗೂ ಪಟ್ಟಿಗೂ ಇಲ್ಲಿಯ ತನಕ ತಾಳೆಯಾಗುತ್ತಿದೆ.

ಕೆಲಮಂಗಲ 63

ಖುಷಿಯ ವಿಷಯ. ಆದರೆ ಗಡಿಪಾರು ಅನ್ನುವುದನ್ನು ಅಷ್ಟು ಬೇಗ ಒಪ್ಪಬೇಡಿ ಅಂತ ನನ್ನ ಮಾತು. ಬೇಜಾರು ಮಾಡಿಕೊಳ್ಳಬೇಡಿ.

ಅಲ್ಲಿಂದ ವಾಪಸ್ ಬಂದವರಲ್ಲಿ ಮೂರು ಥರ ಇದ್ದಾರೆ. ಹತ್ತು ವರ್ಷ ಇದ್ದವರಿಗೆ ವಾಪಸ್ ಬರಲು ಪುಕ್ಕಟೆ ಟಿಕೆಟ್ ಇತ್ತು, ಹಾಗೆ ಬಂದವರು. ಆಮೇಲೆ 1914ರ ಕಾನೂನಿನಲ್ಲಿ, ಮತ್ತೆ 1927ರ ಕೇಪ್‌ಟೌನ್ ಒಪ್ಪಂದದಲ್ಲಿ, ಟಿಕೆಟ್ಟೋ ದುಡ್ಡೋ ಕೊಟ್ಟು ಕಳಿಸಿದವರು. 1927ರಲ್ಲಿ ದೊಡ್ಡವರಿಗೆ 20 ಪೌಂಡ್, ಮಕ್ಕಳಿಗೆ 10 ಪೌಂಡ್ ಕೊಡುತ್ತಿದ್ದರು. ಹೆಸರಿಗೆ ಅವರೇ ಒಪ್ಪಿ ಬಂದದ್ದು. ಆದರೆ 1914ರ ಕಾನೂನಿನಲ್ಲಿ ಬಂದವರು ಮತ್ತೆ ಹೋಗುವ ಹಾಗಿಲ್ಲ, 1927ರವರು ಮೂರು ವರ್ಷದೊಳಗೆ ಆ ದುಡ್ಡು, ಟಿಕೆಟ್ಟಿನ ಖರ್ಚು ವಾಪಸ್ ಕಟ್ಟಿದರೆ ಮಾತ್ರ ಹೋಗಬಹುದಿತ್ತು. ಅಂಥವರ ಮನೆಯಲ್ಲೂ 'ಓಡಿಸಿದರು' ಅಂತಲೇ ಹೇಳುತ್ತಾರೆ, ಅದೂ ಒಂದು ಥರ ನಿಜವೇ. ಮೂರನೆಯವರು ಪೊಲೀಸರು ಹಿಡಿದು ಹಡಗು ಹತ್ತಿಸಿದವರು, ಅವರು ಕಡಿಮೆ.

ನಿಮ್ಮ ತಾತ ಯಾವ ಗುಂಪು ಅಂತ ಮೊದಲು ತಿಳಿಯಬೇಕು. ಯಾಕೆಂದರೆ ಮೂರಕ್ಕೂ ದಾಖಲೆ ಬೇರೆ ಬೇರೆ ಕಡೆ.

ತಳಿ ರಸ್ತೆಯವ

ಬೇಜಾರಿಲ್ಲ ಅಣ್ಣ, ಸರಿಯಾಗಿಯೇ ಕೇಳಿದ್ದೀರಿ. ನಮ್ಮ ತಾತ, ಅಂದರೆ ಅವರ ಮಗ, ಹುಟ್ಟಿದ್ದು ಊರಿನಲ್ಲೇ, 1913ರಲ್ಲಿ. ಶಾಲೆಯ ಸರ್ಟಿಫಿಕೇಟ್ ಇದೆ. ಹಾಗಾಗಿ 1914, 1927 ಎರಡೂ ಅಲ್ಲ. ಉಳಿದದ್ದು ಪುಕ್ಕಟೆ ಟಿಕೆಟ್ ಅಥವಾ ಗಡಿಪಾರು.

ಇವತ್ತು ಅತ್ತೆಯ ಹತ್ತಿರ ಮತ್ತೆ ಕೂತಿದ್ದೆ. ಅವರು ಅವರೆಕಾಯಿ ಹಿದುಕುತ್ತಿದ್ದರು. ಹಡಗು ಎಲ್ಲಿ ಹತ್ತಿಸಿದರಂತೆ ಅಂತ ಕೇಳಿದೆ, ಸುಮ್ನೆ ಕೇಳಿದೆ, ಗೊತ್ತಿರುತ್ತದೆ ಅಂತ ಅಲ್ಲ. ಅವರು ತಲೆ ಎತ್ತದೆ 'ದೆಲಗೊಬೆ' ಅಂದರು. ಏನತ್ತೆ ಅದು ಅಂದೆ. 'ಅಜ್ಜಿ ಹಂಗೇ ಹೇಳೋರು. ದೆಲಗೊಬೆಲಿ ಹತ್ತಿಸಿದ್ರು, ಬೊಂಬಾಯಲ್ಲಿ ಇಳಿಸಿದ್ರು. ನಾವು ಅದು ಯಾವುದೋ ದೇವರ ಹೆಸರು ಅಂತಿದ್ವಿ.'

ಇದು ಯಾವ ಊರು ಅಂತ ಯಾರಿಗಾದರೂ ಗೊತ್ತಾ?

ಕಾಗದದ ಹುಳು

ಡೆಲಗೋವಾ ಬೇ!

ತಮ್ಮಾ, ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಈ ಒಂದು ಮಾತಿನಲ್ಲಿ ಅರ್ಧ ಕೇಸ್ ಮುಗಿಯಿತು.

ಪುಕ್ಕಟೆ ಟಿಕೆಟ್ಟಿನಲ್ಲಿ ಬರುವವರು ಡರ್ಬನ್‌ನಲ್ಲಿ ಹತ್ತುತ್ತಿದ್ದರು, ಅದು ನೆಟಾಲ್ ಸರ್ಕಾರದ ಏರ್ಪಾಡು. ಡೆಲಗೋವಾ ಬೇ ಇರುವುದು ಪೋರ್ಚುಗೀಸರ ಸೀಮೆಯಲ್ಲಿ, ಈಗಿನ ಮೊಜಾಂಬಿಕ್‌ನ ಮಪುಟೊ. ಟ್ರಾನ್ಸ್‌ವಾಲ್‌ನಿಂದ ಗಡಿಪಾರು ಮಾಡಿದವರನ್ನು ರೈಲಿನಲ್ಲಿ ಅಲ್ಲಿಗೆ ಸಾಗಿಸಿ, ಅಲ್ಲಿಂದ ಇಂಡಿಯಾದ ಹಡಗು ಹತ್ತಿಸುತ್ತಿದ್ದರು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಓದುವ ಬೇರೆಯವರಿಗೂ ಬೇಕಾಗುತ್ತದೆ. 1907ರಲ್ಲಿ ಟ್ರಾನ್ಸ್‌ವಾಲ್‌ನವರು ಒಂದು ಕಾನೂನು ತಂದರು. ಏಷ್ಯಾದವರೆಲ್ಲ ಬೆರಳಿನ ಗುರುತು ಕೊಟ್ಟು ಪತ್ರ ಮಾಡಿಸಬೇಕು, ಪೊಲೀಸರು ಕೇಳಿದಲ್ಲಿ ತೋರಿಸಬೇಕು. ಗಾಂಧೀಜಿ ಇದರ ವಿರುದ್ಧ ನಿಂತರು. ಸತ್ಯಾಗ್ರಹ ಅನ್ನುವ ಹೆಸರು ಹುಟ್ಟಿದ್ದೇ ಈ ಹೋರಾಟದಲ್ಲಿ. 1908ರ ಜನವರಿಯಲ್ಲಿ ಒಂದು ರಾಜಿ ಆಯಿತು, ನಾವಾಗಿಯೇ ಪತ್ರ ಮಾಡಿಸುತ್ತೇವೆ, ಕಾನೂನು ತೆಗೆಯಿರಿ ಅಂತ. ಗಾಂಧೀಜಿ ತಾವೇ ಬೆರಳು ಕೊಟ್ಟರು. ಆದರೆ ಕಾನೂನು ತೆಗೆಯಲಿಲ್ಲ. ಆಗಸ್ಟ್ 16ಕ್ಕೆ ಜೊಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಮುಂದೆ ದೊಡ್ಡ ಕಡಾಯಿಯಲ್ಲಿ ಹಾಕಿ ಆ ಪತ್ರಗಳನ್ನು ಸುಟ್ಟರು. 2,000ಕ್ಕೂ ಹೆಚ್ಚು.

ಅದಾದ ಮೇಲೆ ಬೀದಿಯಲ್ಲಿ ಬುಟ್ಟಿ ಹೊತ್ತು ಮಾರುವವರಿಗೆ ದಿನವೂ ಪರೀಕ್ಷೆ. ಪತ್ರ ತೋರಿಸು ಅಂದರೆ ಇಲ್ಲ. ಹಾಗಾದರೆ ಗುರುತಿಗೆ ಬೆರಳು ಒತ್ತು ಅಂದರೆ ಒತ್ತಲ್ಲ. ಜೈಲು. ಬಿಟ್ಟ ಮೇಲೆ ಮತ್ತೆ ಹಿಡಿಯುವುದು. ಮೊದಮೊದಲು ಗಡಿ ದಾಟಿಸಿ ನೆಟಾಲ್‌ಗೆ ಬಿಡುತ್ತಿದ್ದರು, ಇವರು ಮಾರನೆಯ ದಿನವೇ ವಾಪಸ್ ಬರುತ್ತಿದ್ದರು. ಆಮೇಲೆ ಡೆಲಗೋವಾ ಬೇ ದಾರಿ ಹಿಡಿದರು, ಸಮುದ್ರದಾಚೆ ಹಾಕಿದರೆ ಹೇಗೆ ಬರುತ್ತಾರೆ ನೋಡೋಣ ಅಂತ. ಅಲ್ಲೇ ಹುಟ್ಟಿ ಬೆಳೆದು ಇಂಡಿಯಾ ಕಣ್ಣಿನಲ್ಲೂ ನೋಡದ ಹುಡುಗರನ್ನೂ ಹೀಗೆ ಕಳಿಸಿದರು. ಡೆಕ್ ಮೇಲೆ ಪ್ರಯಾಣ, ಮೈಮೇಲಿನ ಬಟ್ಟೆ ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ಮದ್ರಾಸಿನಲ್ಲಿ ಜಿ. ಎ. ನಟೇಶನ್ ಅವರು ಇಂಥವರಿಗೆ ಊಟ, ವಸತಿ ನೋಡಿಕೊಂಡರು. ಗಾಂಧೀಜಿ ಅದನ್ನು ನೆನೆದು ಬರೆದಿದ್ದಾರೆ.

ನಾರಾಯಣಸ್ವಾಮಿ ಅಂತ ಒಬ್ಬರು. ಗಡಿಪಾರಾಗಿ ಇಂಡಿಯಾಕ್ಕೆ ಬಂದು, ಮತ್ತೆ ಹಡಗು ಹತ್ತಿ ವಾಪಸ್ ಹೋದರು. ಬಂದರಿನಿಂದ ಬಂದರಿಗೆ ತಿರುಗಿದರೂ ಇಳಿಯಲು ಬಿಡಲಿಲ್ಲ. ತೆರೆದ ಡೆಕ್ಕಿನ ಮೇಲೆ ಚಳಿ, ಮಳೆಯಲ್ಲಿ ನರಳಿ 1910ರ ಅಕ್ಟೋಬರ್ 16ರಂದು ಡೆಲಗೋವಾ ಬೇಯಲ್ಲೇ ತೀರಿಕೊಂಡರು. ಇದನ್ನು ಬರೆಯುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಈಗ ನೀವು ಮಾಡಬೇಕಾದ್ದು. ನಮ್ಮ ರಾಷ್ಟ್ರೀಯ ಅಭಿಲೇಖಾಗಾರದ 'ಅಭಿಲೇಖ್ ಪಟಲ್' ಅನ್ನುವ ಪೋರ್ಟಲ್ ಇದೆ. ಹೆಸರು ನೋಂದಾಯಿಸಿ ಒಳಗೆ ಹೋಗಿ. ವಾಣಿಜ್ಯ ಮತ್ತು ಕೈಗಾರಿಕೆ ಇಲಾಖೆ, ಎಮಿಗ್ರೇಷನ್ ಶಾಖೆ, 1909ರಿಂದ 1911. ಟ್ರಾನ್ಸ್‌ವಾಲ್ ಗಡಿಪಾರು ಅಂತ ಹುಡುಕಿ. ಜೊತೆಗೆ ಗಾಂಧೀಜಿಯವರ ಸಮಗ್ರ ಬರಹಗಳ ಇಂಗ್ಲಿಷ್ ಸಂಪುಟ 10 ಓದಿ, ಅದೂ ಪುಕ್ಕಟೆ ಸಿಗುತ್ತದೆ. ಆ ಕಾಲದ ಪತ್ರಗಳೂ ಅವರ ಪತ್ರಿಕೆ ಇಂಡಿಯನ್ ಒಪೀನಿಯನ್‌ನಲ್ಲಿ ಬಂದ ಸುದ್ದಿಗಳೂ ಅಲ್ಲಿವೆ.

ಒಂದು ಎಚ್ಚರಿಕೆ. ಎಲ್ಲ ಕಡೆ 'ತಮಿಳರು' ಅಂತಲೇ ಇರುತ್ತದೆ. ಮದ್ರಾಸಿನಿಂದ ಬಂದವರೆಲ್ಲ ಅವರ ಲೆಕ್ಕದಲ್ಲಿ ತಮಿಳರು, ತೆಲುಗಿನ ನಾಯ್ಡುಗಳೂ ಸೇರಿ. ಕನ್ನಡದವನು ಅಂತ ಹುಡುಕಿದರೆ ಸಿಗುವುದಿಲ್ಲ.

ಮಡಕಶಿರಾ ಮೊಮ್ಮಗಳು

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ತಾತ ರಂಗೂನಿನಲ್ಲಿ ಇದ್ದರು, 42ರಲ್ಲಿ ನಡೆದುಕೊಂಡು ಬಂದರು ಅಂತ ಹೇಳುತ್ತಾರೆ. ಅದಕ್ಕೂ ಹೀಗೆ ಪಟ್ಟಿ ಸಿಗುತ್ತದಾ?

ಕಾಗದದ ಹುಳು

ಮಗಳೇ, 1941ರ ಡಿಸೆಂಬರ್ 23ಕ್ಕೆ ರಂಗೂನಿನ ಮೇಲೆ ಬಾಂಬ್ ಬಿತ್ತು, ಮಾರ್ಚ್‌ನಲ್ಲಿ ಊರು ಜಪಾನಿನವರ ಕೈಗೆ ಹೋಯಿತು. ನಡುವೆ ಲಕ್ಷಗಟ್ಟಲೆ ಜನ ಕಾಡು ದಾರಿಯಲ್ಲಿ ನಡೆದರು. ನಡೆದವರು ಹಡಗಿನ ಪಟ್ಟಿಯಲ್ಲಿ ಇರುವುದಿಲ್ಲ, ಅಲ್ಲಿ ಹುಡುಕಿ ಸಮಯ ಕಳೆಯಬೇಡಿ. ಅವರು ಹೋದದ್ದು ಯಾವ ವರ್ಷ, ಯಾವ ಕೆಲಸಕ್ಕೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. 1964ರಲ್ಲಿ ಬಂದವರಾದರೆ ಬೇರೆ ಕಥೆ, ಅವರಿಗೆ ಇಲ್ಲಿನ ಸರ್ಕಾರದ ಕಾಗದಗಳಿವೆ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ಬಾಗಲೂರು ಅಕ್ಕ

ತಳಿ ರಸ್ತೆಯವರೇ, ಒಂದು ವಿಷಯ ಕೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಗಡಿಪಾರಾದಾಗ ಅವರಿಗೆ ಸುಮಾರು 41 ವರ್ಷ. 21 ವರ್ಷ ಅಲ್ಲಿದ್ದರು. ಅಲ್ಲಿ ಅವರಿಗೆ ಮನೆ, ಹೆಂಡತಿ, ಮಕ್ಕಳು ಇರಲಿಲ್ಲವಾ?

ಹಿಡಿದು ಕಳಿಸಿದವರ ಹೆಂಡತಿ ಮಕ್ಕಳು ಅಲ್ಲೇ ಉಳಿದರು. ಅಂಥ ಮನೆಗಳವರನ್ನು ಸಾಕಲಿಕ್ಕೆ ಅಂತಲೇ 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಶುರುವಾದದ್ದು. ಗಾಂಧೀಜಿಯ ಗೆಳೆಯ ಕಾಲೆನ್‌ಬಾಕ್ ಅವರು 1,100 ಎಕರೆ ಬಿಟ್ಟುಕೊಟ್ಟರು. ಅತ್ತೆಯನ್ನು ಕೇಳಿ. ಆದರೆ ಒತ್ತಾಯ ಮಾಡಬೇಡಿ.

ತಳಿ ರಸ್ತೆಯವ

ಅಕ್ಕ, ಕೇಳಿದೆ.

ಅತ್ತೆ ತುಂಬಾ ಹೊತ್ತು ಮಾತಾಡಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದರು. ಆಮೇಲೆ ಹೇಳಿದರು. 'ಇದ್ರು ಅಂತ ಅಜ್ಜಿಗೆ ಗೊತ್ತಿತ್ತು ಕಣಪ್ಪ. ಅವರು ಮುಸುಕಿನ ಜೋಳಕ್ಕೆ ಮೀಲಿ ಅನ್ನೋರು. ಹೊಲದಲ್ಲಿ ತೆನೆ ಬಿಟ್ಟಾಗ, ಮೀಲಿ ಬಂತು, ಅಂತ ಹೇಳಿ ಒಬ್ಬರೇ ಬದುವಿನ ಮೇಲೆ ಕೂತುಬಿಡೋರಂತೆ. ಅಜ್ಜಿ ಆಗ ಹತ್ತಿರ ಹೋಗ್ತಿರಲಿಲ್ಲ.' ಅಷ್ಟೇ. ಹೆಸರು ಗೊತ್ತಿಲ್ಲ, ಎಷ್ಟು ಮಕ್ಕಳು ಗೊತ್ತಿಲ್ಲ.

ಇದನ್ನು ಇಲ್ಲಿ ಹಾಕಬಹುದಾ ಅಂತ ಅತ್ತೆಯನ್ನು ಕೇಳಿಯೇ ಹಾಕುತ್ತಿದ್ದೇನೆ. 'ಹಾಕು, ಅಲ್ಲಿ ಯಾರಾದ್ರೂ ಇದ್ರೆ ಓದ್ಲಿ' ಅಂದರು.

ಅಭಿಲೇಖ್ ಪಟಲ್‌ನಲ್ಲಿ ಹನ್ನೊಂದು ದಿನದಿಂದ ಹುಡುಕುತ್ತಿದ್ದೇನೆ. ಫೈಲುಗಳು ತೆರೆಯಲು ಬಹಳ ನಿಧಾನ. ಹಳೆಯ ಅಚ್ಚಿನ ಪುಟ, ಕೆಲವು ಕಡೆ ಹಿಂದಿನ ಪುಟದ ಮಸಿ ಮುಂದಕ್ಕೆ ಮೂಡಿದೆ.

ತಳಿ ರಸ್ತೆಯವ

ಸಿಕ್ಕಿತು.

1910ರ ಫೈಲ್. ಗಡಿಪಾರಾಗಿ ಮುಂಬೈಯಲ್ಲಿ ಇಳಿದವರ ಪಟ್ಟಿ. ಹೆಸರು, ಕಸುಬು, ಟ್ರಾನ್ಸ್‌ವಾಲ್‌ನಲ್ಲಿ ಎಷ್ಟು ವರ್ಷ, ಎಷ್ಟು ಸಲ ಜೈಲು. ನಮ್ಮವರದು ಎರಡನೆಯ ಪುಟದ ಕೆಳಗೆ. ಹೆಸರಿನ ಸ್ಪೆಲ್ಲಿಂಗ್ ಹಡಗಿನ ಪಟ್ಟಿಯಲ್ಲಿದ್ದ ಹಾಗಿಲ್ಲ, ಒಂದು ಅಕ್ಷರ ಹೆಚ್ಚಿದೆ. ಬೀದಿ ವ್ಯಾಪಾರಿ. ಸೇಲಂ ಜಿಲ್ಲೆ. ಟ್ರಾನ್ಸ್‌ವಾಲ್‌ಗೆ ಬಂದದ್ದು ಯುದ್ಧಕ್ಕೆ ಮೊದಲು, ಅಂದರೆ 1899ರ ಬೋಯರ್ ಯುದ್ಧಕ್ಕೆ. ಜೈಲಿಗೆ ಹೋದದ್ದು ನಾಲ್ಕು ಸಲ.

ನಾಲ್ಕು ಸಲ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಹೇಳೇ ಇಲ್ಲ.

ಕೆಲಮಂಗಲ 63

ಸೇಲಂ ಜಿಲ್ಲೆಯಲ್ಲಿ ಅದೇ ಹೆಸರಿನವರು ಬೇರೆ ಯಾರೂ ಇಲ್ಲ ಅಂತ ಹೇಗೆ ಹೇಳುತ್ತೀರಿ? ಅಪ್ಪನ ಹೆಸರು ಇದೆಯಾ? ಹಳೆಯ ನಂಬರ್ ಇದೆಯಾ? ನಿಮ್ಮ ಸಂತೋಷ ಹಾಳು ಮಾಡುವುದಕ್ಕಲ್ಲ ತಮ್ಮಾ, ಒಂದು ಸಲ ತಪ್ಪು ಗಂಟು ಹಾಕಿದರೆ ಮುಂದಿನವರು ಅದನ್ನೇ ನಂಬಿಕೊಂಡು ಹೋಗುತ್ತಾರೆ.

ಕಾಗದದ ಹುಳು

ಅಣ್ಣ ಹೇಳಿದ್ದು ನ್ಯಾಯ. ಗಡಿಪಾರಿನ ಪಟ್ಟಿಯಲ್ಲಿ ನಂಬರ್ ಇರುವುದಿಲ್ಲ. ಹಾಗಾಗಿ ಇದು ನೂರಕ್ಕೆ ನೂರು ಆಗುವುದಿಲ್ಲ. ನಿಮ್ಮ ಹತ್ತಿರ ಇರುವುದು ಇಷ್ಟು: ಪೆಟ್ಟಿಗೆಯ ನಂಬರ್ ಹಡಗಿನ ಪಟ್ಟಿಗೆ ಸೇರಿತು, ಅಲ್ಲಿ ಅಪ್ಪನ ಹೆಸರು, ಹಳ್ಳಿ ಎರಡೂ ಸರಿಹೊಂದಿತು. ಆ ಗಂಟು ಗಟ್ಟಿ. ಹಡಗಿನ ಪಟ್ಟಿಯಿಂದ ಗಡಿಪಾರಿನ ಪಟ್ಟಿಗೆ ಹಾಕಿದ ಗಂಟು ಅದಕ್ಕಿಂತ ಸಡಿಲ, ಅದನ್ನು ಬಿಗಿ ಮಾಡುವುದು ಅತ್ತೆಯ ಮಾತು. ಡೆಲಗೋವಾ ಬೇ, ಮುಂಬೈ, ಬೆರಳು, ತರಕಾರಿ ಬುಟ್ಟಿ, 1913ರ ಒಳಗೆ ಬಂದದ್ದು. ಪ್ರಿಟೋರಿಯಾದ ದಾಖಲೆಗಳಲ್ಲಿ ಅವರ ನೋಂದಣಿ ಫೈಲ್ ಸಿಕ್ಕರೆ ಅದರಲ್ಲಿ ನೆಟಾಲ್ ನಂಬರ್ ಬರೆದಿರಬಹುದು, ಪತ್ರ ಬರೆದು ಕೇಳಿ. ಅಲ್ಲಿಯ ತನಕ ನಿಮ್ಮ ವಂಶವೃಕ್ಷದಲ್ಲಿ ಇದನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ನಾನಾದರೆ ಗಟ್ಟಿಯಾಗಿಯೇ ಒತ್ತಿ ಬರೆಯುತ್ತೇನೆ.

ತಳಿ ರಸ್ತೆಯವ

ಪ್ರಿಟೋರಿಯಾಕ್ಕೆ ಪತ್ರ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಇವತ್ತು ಬೇರೆ ಒಂದು ಕೆಲಸ ಮಾಡಿದೆ. ನೆಟ್ಟಾಲ್ ತಾತನ ತಮ್ಮನ ಮನೆಯವರ ಜೊತೆ ನಮಗೆ ಹೋಗಿ ಬರುವುದು ಕಡಿಮೆ. ಜಮೀನಿನ ವಿಷಯಕ್ಕೇ. ನಮ್ಮ ಅಪ್ಪ ಆ ಮನೆ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿಲ್ಲ. ನಾನು ಹೋದೆ. ಅಲ್ಲಿ ಒಬ್ಬರು ದೊಡ್ಡಪ್ಪ ಇದ್ದಾರೆ, 78 ವರ್ಷ. ಬಾಗಿಲಲ್ಲೇ ನಿಂತು ಯಾರಪ್ಪ ಅಂದರು, ಹೇಳಿದೆ. ಒಳಗೆ ಬಾ ಅಂದರು. ಎರಡು ಪಟ್ಟಿಗಳನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ಎಲ್ಲವನ್ನೂ ಓದಿ ಹೇಳಿದೆ, ಪತ್ರ ಸುಟ್ಟದ್ದು, ಜೈಲು, ದೆಲಗೊಬೆ, ಎಲ್ಲ.

ಅವರು ಪೂರ್ತಿ ಕೇಳಿದರು. ಆಮೇಲೆ ಅಟ್ಟದಿಂದ ಒಂದು ಬಟ್ಟೆಯ ಗಂಟು ಇಳಿಸಲು ಹೇಳಿದರು. ಒಳಗೆ ಆ ಪಾರಿಕತ್ತು ಇತ್ತು, ರಿಜಿಸ್ಟರ್ ಆಗದೆ ಉಳಿದದ್ದು. ಛಾಪಾ ಕಾಗದ, ಮಡಿಕೆಯಲ್ಲಿ ಹರಿದಿದೆ. ಮೇಲೆ ಮೂರು ಎಕರೆ ಅಣ್ಣನಿಗೆ, ಮೂರು ಎಕರೆ ತಮ್ಮನಿಗೆ ಅಂತ ಸ್ಪಷ್ಟವಾಗಿ ಬರೆದಿದೆ. ಕೆಳಗೆ ತಮ್ಮನ ಹೆಸರು, ಅದರ ಪಕ್ಕ ಕಪ್ಪು ಮಸಿಯಲ್ಲಿ ಹೆಬ್ಬೆಟ್ಟು, ಗೆರೆಗಳು ಈಗಲೂ ಎಣಿಸುವ ಹಾಗಿವೆ. ಅದರ ಮೇಲಿನ ಸಾಲಿನಲ್ಲಿ ನೆಟ್ಟಾಲ್ ತಾತನ ಹೆಸರು. ಪಕ್ಕದಲ್ಲಿ ಖಾಲಿ ಜಾಗ. ಒಂದು ಹೆಬ್ಬೆಟ್ಟು ಹಿಡಿಸುವಷ್ಟು.

ನಮ್ಮ ತಾತ ಈ ಜಮೀನಿನ ರಾಗಿ ತಿಂದೇ ಬೆಳೆದದ್ದು ಅಂತ ನನಗೆ ಯಾರೂ ಹೇಳಿರಲಿಲ್ಲ. ದೊಡ್ಡಪ್ಪ ಹೇಳಿದರು. ಅಣ್ಣ ಇರುವ ತನಕ ಪ್ರತಿ ಸುಗ್ಗಿಗೂ ತಮ್ಮ ಕಣದಲ್ಲಿ ರಾಗಿ ರಾಶಿ ಮಾಡಿ, ನಡುವೆ ಒಂದು ಕೋಲು ಹಾಕಿ, ಅಣ್ಣನನ್ನು ಕರೆಸಿ 'ಯಾವ ಕಡೇದು ಬೇಕು ನೀನೇ ತಗೋ' ಅನ್ನುತ್ತಿದ್ದರಂತೆ.